ಮುದ್ರೆಯಿಲ್ಲದ ತೂಕ

ಮೊದಲನೆಯದು ಸಿಕ್ಕಿದ್ದು ದಾಳಿಗೆ ಹೋದಾಗ.
ಯುದ್ಧದ ದಾಳಿಯಲ್ಲ. ತೂಕ-ಅಳತೆ ಇಲಾಖೆಯದು,
ಮಂಡಿ ಮೊಹಲ್ಲಾದ ಗುಜರಿ ಸಾಲಿನಲ್ಲಿ.
ರಹಮತ್ತುಲ್ಲಾನ ತಕ್ಕಡಿಯ ಒಂದು ತಟ್ಟೆಗೆ ಹಳೆ ಪೇಪರು,
ಇನ್ನೊಂದಕ್ಕೆ ಮೊಳಕೈಯುದ್ದದ ಹಿತ್ತಾಳೆ ಕೊಳವೆ,
ಅದರ ಬಾಯಿಗೆ ಜಡಿದ ಮೊಂಡು ಕಬ್ಬಿಣ.
"ಸರಿಯಾಗಿ ಎರಡು ಕೇಜಿ ಸಾರ್,
ಸುಳ್ಳಾದ್ರೆ ನಾಲಗೆ ಬಿದ್ಹೋಗ್ಲಿ."
ತೂಗಿದೆ. ನೂರ ಹತ್ತು ಗ್ರಾಂ ಹೆಚ್ಚಿತ್ತು.

ಬುಡ ತಿರುಗಿಸಿದೆ.
ನಮ್ಮ ಸರ್ಕಾರದ ಮುದ್ರೆ ಇಲ್ಲ, ಇನ್ಯಾವುದೋ ಸರ್ಕಾರದ್ದು:
ಸಾವಿರದ ಒಂಬೈನೂರ ನಲವತ್ತೆರಡು,
ಪಕ್ಕದಲ್ಲಿ ಕಾಗೆಕಾಲಿನಂಥ ಬಾಣ.
ತಲೆಕೆಳಗು ಹಿಡಿದರೆ ಥೇಟು ಮೇಲುಕೋಟೆಯ ನಾಮ.
"ಪೇಪರು ತಂದೋರಿಗೆಲ್ಲ ಇದನ್ನೇ ಹಾಕ್ತಿದ್ದೆಯೇನಯ್ಯ?"
ನಕ್ಕ. ದಂಡ ಕಟ್ಟಿದ.
ಕೇಸು ಮುಗಿದ ಮೇಲೆ ಹರಾಜಿನಲ್ಲಿ
ನಾನೇ ಕೂಗಿ ಕೊಂಡೆ, ರಸೀದಿ ಈಗಲೂ ಇದೆ.

ಆಮೇಲೆ ತಿಳಿಯಿತು, ಇದು ಗುಂಡಲ್ಲ, ಗುಂಡಿನ ಪಾಠ.
ಟ್ಯಾಂಕು ಒಡೆಯುವ ಫಿರಂಗಿಗೆ
ತುಂಬು, ತೆಗೆ, ತುಂಬು, ತೆಗೆ ಎಂದು
ಹೊಸ ಸಿಪಾಯಿಗಳ ಕೈಗೆ ರೂಢಿ ಮಾಡಿಸಲು
ಮದ್ದಿಲ್ಲದೆ ಎರಕವಾದದ್ದು.
ಒಳಗೇನೂ ಇಲ್ಲವೆನ್ನಲು ಮೈಗೆ ಅತ್ತಿಂದಿತ್ತ ತೂತು.

ರಿಟೈರಾದ ಮೇಲೆ ಹುಚ್ಚು ಹೆಚ್ಚಿತು.
ತಿಲಕನಗರದಲ್ಲಿ ಒಂದು, ಗ್ಯಾರೇಜಿನ ಬಾಗಿಲಿಗೆ ಅಡ್ಡ.
ಇನ್ನೊಂದು ಮರದ್ದು, ಗೆದ್ದಲು ಬಿಟ್ಟಷ್ಟು.
ಹದಿನಾಲ್ಕಾದಾಗ ಪಕ್ಕದ ಮನೆಯವರು ಫೋನು ಮಾಡಿ
ಠಾಣೆಯಿಂದ ಒಬ್ಬ ಹುಡುಗ ಬಂದ,
ಮೀಸೆ ಇನ್ನೂ ಯೂನಿಫಾರ್ಮಿಗೆ ಹೊಂದಿಕೊಂಡಿರಲಿಲ್ಲ.
ಎರಡು ಮಾರು ದೂರ ನಿಂತು, "ಸಿಡಿಯುತ್ತಾ ಸಾರ್?"
ತೂತು ತೋರಿಸಿದೆ.
ಒಂದು ಕಣ್ಣು ಮುಚ್ಚಿ ನೋಡಿದ ಬಹಳ ಹೊತ್ತು.
"ಆ ಕಡೆ ನಿಮ್ಮ ಮನೆಯವರು ಬಟ್ಟೆ ಒಣಹಾಕ್ತಾವ್ರೆ."
ಅಷ್ಟನ್ನೇ ಬರೆದುಕೊಂಡನೋ ಏನೋ,
ಕಾಫಿ ಕುಡಿದು ಹೋದ.

ಹದಿನೈದನೆಯದು ಕೀಲಾರದ ಹತ್ತಿರದ ಆಲೆಮನೆಯಲ್ಲಿ.
ದೊಡ್ಡದು. ಎತ್ತಿಕೊಂಡರೆ ಆರು ತಿಂಗಳ ಕೂಸು.
ಬೆಲ್ಲದಚ್ಚಿಗೆ ಹೊದಿಸಿದ ಬಟ್ಟೆ ಹಾರದಂತೆ ಇಟ್ಟಿದ್ದರು.
"ನಮ್ಮ ತಾತಂದು" ಅಂದಳು ಸಾಕಮ್ಮ,
"ಮೊಗಣ್ಣ ಅಂತ. ಮಿಲ್ಟ್ರೀಲಿದ್ರು.
ಇಲ್ಲಿ ಒಲೆಗೆ ರಚ್ಚು ಹಾಕೋರು. ನೋಡಿ, ಹಿಂಗೆ."
ಒಣಗಿದ ಕಬ್ಬಿನ ಸಿಪ್ಪೆಯ ಕಟ್ಟನ್ನು ಒಲೆಬಾಯಿಗೆ ಇಟ್ಟು
ಬೆರಳು ಮಡಚಿ, ಮುಷ್ಟಿಯಿಂದ ದೂಡಿ,
ಸರಕ್ಕನೆ ಕೈ ಹಿಂದಕ್ಕೆಳೆದಳು.
"ಬೆರಳು ಬಿಟ್ರೆ ಬಾಗ್ಲು ಮುಚ್ಕಂಡು ಕುಯ್ದಾಕ್ಬುಡ್ತದೆ ಅನ್ನೋರು.
ಒಲೆಗೆಲ್ಲೈತೆ ಬಾಗ್ಲು?
ನಾವು ನಗೋವು. ಈಗ ನಮ್ಮನೇಲಿ ಎಲ್ರೂ ಹಿಂಗೇ ಹಾಕೋದು."

ಕೊಪ್ಪರಿಗೆಯಲ್ಲಿ ಹಾಲು ನೊರೆಗಟ್ಟಿ ಏರುತ್ತಿತ್ತು.
ನಾನು ಸುಮ್ಮನಿದ್ದೆ.
ಇಪ್ಪತ್ತಾರು ವರ್ಷ ಕಲ್ಲು ತೂಗಿದವನು,
ಗ್ರಾಂ ಲೆಕ್ಕದಲ್ಲಿ ಜನರ ಮನಸ್ಸು ಹಿಡಿದವನು.
"ಕೊಡ್ತೀಯೇನಮ್ಮ?"
"ಹಿತ್ತಾಳೆ ರೇಟೋ, ಕಬ್ಣದ್ದೋ?"
ಕೇಳಿದಳು, ನ್ಯಾಯವಾಗಿಯೇ.
ನನ್ನ ಬಳಿ ಎರಡೂ ಇರಲಿಲ್ಲ.
ಹೆಚ್ಚೇ ಕೊಟ್ಟೆ. ಅವಳು ಎರಡಚ್ಚು ಬೆಲ್ಲ ಮೇಲಿಟ್ಟು
ತೂಕ ಸರಿಮಾಡಿದಳು.

ರಾತ್ರಿ, ಇಂದ್ರಾಣಿ ಮಲಗಿದ ಮೇಲೆ,
ಎಡತೋಳಿನ ಮೇಲೆ ಅದನ್ನು ಒರಗಿಸಿಕೊಂಡು
ಹಜಾರದಲ್ಲಿ ನಿಂತೆ.
ಬುಡಕ್ಕೆ ಮುಷ್ಟಿ ಇಟ್ಟೆ.
ಹಿತ್ತಾಳೆ ಅಲ್ಲಿ ತಗ್ಗಾಗಿದೆ, ಬೆರಳ ಗೆಣ್ಣುಗಳಿಗೆ
ಅಳತೆ ಕೊಟ್ಟು ಮಾಡಿಸಿದ ಹಾಗೆ.
ಎಷ್ಟು ಹುಡುಗರೋ, ಎಷ್ಟು ಸಲ ದೂಡಿದರೋ.
ಇದು ವಾಪಸು ಬಂತು, ಪ್ರತಿ ಸಲವೂ.
ಅವರಲ್ಲಿ ಎಷ್ಟು ಜನವೋ.

ಬೆಳಗ್ಗೆ ನೋಡಿದರೆ ಶೋಕೇಸಿನ ಗಾಜಿನ ಮೇಲೆ
ಸಣ್ಣ ಕೆಂಪಿರುವೆಗಳ ಸಾಲು,
ತೂತಿನೊಳಕ್ಕೆ ಹೋಗುತ್ತ, ಏನೋ ಹೊತ್ತು ಬರುತ್ತ.
ಒಳಗೇನೂ ಇಲ್ಲ ಅಂತ
ಪೊಲೀಸರಿಗೇ ಬರೆದುಕೊಟ್ಟಿದ್ದೆ.
ಇಂದ್ರಾಣಿ ಒದ್ದೆ ಬಟ್ಟೆ ತಂದಳು.
ಇರಲಿ ಬಿಡು, ಅಂದೆ.