ಫ್ರಿಜ್ಜಿನ ಮೇಲಿನ ಪೆಟ್ಟಿಗೆ

ವಾಲ್ಪರೈಸೋದ ಗುಡ್ಡದ ಮೇಲೆ, ತಗಡು ಹೊದ್ದ ಮನೆಯಲ್ಲಿ
ನಾವು ನಾಲ್ವರು, ಒಂದು ಫ್ರಿಜ್ಜು,
ಫ್ರಿಜ್ಜಿನ ಮೇಲೆ ರೌಟರು.
ಬಿಲ್ಲು ಬಂದ ದಿನ ಚಿಲ್ಲರೆಯವರೆಗೂ ಲೆಕ್ಕ ಚೊಕ್ಕ.
ಬಿಲ್ಲನ್ನು ನಾಲ್ಕರಿಂದ ಭಾಗಿಸಬಹುದು.
ಸಂಜೆಯನ್ನು?

ಎಂಟು ಹೊಡೆಯುತ್ತಲೇ ಬಲ್ತಾಸಾರ್ ಯುದ್ಧಕ್ಕೆ ಹೊರಡುತ್ತಾನೆ,
ಕಿವಿಗೆ ಹೆಡ್‌ಫೋನು, ಬಾಯಲ್ಲಿ ಬ್ರೆಡ್ಡು.
ಎಂಟೂವರೆಗೆ ಇಸ್ಮೇನಿಯಾಳ ಪಾಠ:
ಕೊರಿಯಾದ ಹುಡುಗನೊಬ್ಬನಿಗೆ ಸ್ಪ್ಯಾನಿಷ್ ಕ್ರಿಯಾಪದ.
ನಾನು ಹೋಗುತ್ತೇನೆ, ನೀನು ಹೋಗುತ್ತೀ, ಅವರು...
ಅವರು ಹೋಗುವುದೇ ಇಲ್ಲ.
ತೆರೆದ ಬಾಯಿ ತೆರೆದಂತೆಯೇ ನಿಂತು
ಗೋಡೆಯಾಚೆಯಿಂದ ಕೂಗು: "ಯಾರದು ಎಳೀತಿರೋದು?"
ಯಾರೂ ಇಲ್ಲ. ಈ ಮನೆಯಲ್ಲಿ ಯಾವತ್ತೂ
ಯಾರೂ ಎಳೆಯುತ್ತಿರುವುದಿಲ್ಲ.

ಸೆಟ್ಟಿಂಗು ಬಲ್ಲವನು ನಾನೊಬ್ಬನೇ;
ಹಾಗಾಗಿ ಸೌಟು ನನ್ನ ಕೈಗೆ ಬಂತು.
ನಾಲ್ಕು ಸಮಪಾಲು ಮಾಡಿ
ಗೋಡೆಗೆ ಚೀಟಿ ಅಂಟಿಸಿದೆ, ನ್ಯಾಯಾಧೀಶನ ಹಾಗೆ.
ಚೀಟಿಯಲ್ಲಿ ಬರೆಯದ್ದು ಒಂದೇ ಸಾಲು:
ನನ್ನ ಲ್ಯಾಪ್‌ಟಾಪಿಗೆ ಮೊದಲ ಪಂಕ್ತಿ.
ಸಣ್ಣದೊಂದು ಟಿಕ್ಕು. ಬಡಿಸುವವನು ತಾನೇ ಆದಾಗ
ಎಲೆ ಎಲ್ಲಿ ಹಾಕಿದರೇನು?

ಮಹಡಿಯ ಎದುವಿನಾ, ಎಪ್ಪತ್ತೊಂದು ವರ್ಷ,
ವಾರವಿಡೀ ಹನಿಯೂ ಮುಟ್ಟುವವಳಲ್ಲ.
ಭಾನುವಾರ ನಾಲ್ಕಕ್ಕೆ ಮಾತ್ರ ತುಟಿಗೆ ಬಣ್ಣ ಹಚ್ಚಿ,
ಸಕ್ಕರೆ ಡಬ್ಬಿಗೆ ಫೋನು ಒರಗಿಸಿ,
ದೂರದ ಪೊರ್ವೆನೀರ್‌ನ ತಂಗಿಯ ಎದುರು ಕೂರುತ್ತಾಳೆ.
ತಂಗಿಗೆ ಹುಟ್ಟಿನಿಂದ ಕಿವಿ ಕೇಳದು.
ಅವರದು ಕೈಮಾತು.

ನನ್ನ ಸಮಪಾಲಿನಲ್ಲಿ ಆ ಕೈಗಳು
ಚೌಕ ಚೌಕವಾಗಿ ಒಡೆದವು.
ಒಂದು ಬೆರಳು ಗಾಳಿಯಲ್ಲೇ ನಿಂತಿತು,
ಮುಂದಿನ ಪದ ಬಾರದೆ.
ದನಿ ತುಂಡಾದರೆ ಊಹಿಸಿಕೊಳ್ಳಬಹುದು,
ಬೆರಳು ತುಂಡಾದರೆ?

ಕೆಳಗಿಳಿದು ಬಂದಳು. ಜಗಳಕ್ಕಲ್ಲ.
ಚೀಟಿ ಓದಿದಳು, ಕನ್ನಡಕ ಏರಿಸಿ ಮತ್ತೆ ಓದಿದಳು.
"ಸರಿಯಿದೆ ಮಗ, ಎಲ್ಲರಿಗೂ ಒಂದೇ.
ಸೋಮವಾರದಿಂದ ಶನಿವಾರದ ತನಕ ನನ್ನದನ್ನು
ಎಲ್ಲಿಟ್ಟಿದ್ದೀಯ? ಅದನ್ನೇ ಕೊಡು,
ಇಪ್ಪತ್ತು ನಿಮಿಷ ಸಾಕು."

ಕಣಜದಲ್ಲಿಡಲು ಇದೇನು ಕಾಳೇ?
ಆರು ರಾತ್ರಿ ನಾನೇ ಉಂಡಿದ್ದೆ,
ಯಾರೋ ನಾರ್ವೆಯವನು ದೋಣಿ ಕಟ್ಟುವುದನ್ನು ನೋಡುತ್ತಾ,
ಅದೂ ಅರ್ಧಕ್ಕೆ ನಿದ್ದೆಹೋಗಿ.

ಈಗ ಭಾನುವಾರ ನಾಲ್ಕಕ್ಕೆ ಎಲ್ಲರೂ ಕೈ ತೊಳೆದುಕೊಳ್ಳುತ್ತೇವೆ.
ಬಲ್ತಾಸಾರ್ ಗೊಣಗುತ್ತಾ ಕಾಲುಚೀಲ ಒಗೆಯುತ್ತಾನೆ.
ನಾನು ಮೆಟ್ಟಿಲ ಮೇಲೆ ಕೂತು ಬಂದರಿನ ಕ್ರೇನು ಎಣಿಸುತ್ತೇನೆ.
ಮಹಡಿಯಿಂದ ಒಂದು ಮಾತೂ ಕೇಳಿಸದು,
ಆಗಾಗ ಬಳೆಯ ಸದ್ದು, ಹಠಾತ್ತನೆ ಒಂದು ನಗು.

ಟಿಕ್ಕು ತೆಗೆದೆ. ಪಾಸ್‌ವರ್ಡನ್ನೂ ಇಸ್ಮೇನಿಯಾಳಿಗೆ ಕೊಟ್ಟೆ.
ನಿನ್ನೆಯಿಂದ ನನ್ನ ದೋಣಿ
ಯಾಕೋ ತೀರಾ ನಿಧಾನ ತೇಲುತ್ತಿದೆ.
ಕೇಳೋಣವೆಂದರೆ
ಯಾವ ಬಾಯಲ್ಲಿ ಕೇಳಲಿ?