ಕನಮಡಿ ದಾರಿಯ ತಿರುವು

ಟಿಕೋಟಾದ ಡಾಂಬರು ಮುಗಿದಲ್ಲಿ
ಎರಡು ಗೇರ್ ಇಳಿಸಿ ಗರಸಿಗೆ ಬಿದ್ದೆ.
ಲಾರಿಯಿಲ್ಲ, ಹಾರ್ನಿಲ್ಲ.
ಟೈರಿನಡಿ ಕಲ್ಲು ಮಾತ್ರ
ಪುಟಾಣಿ ಅಗಿದ ಸದ್ದು.

ದಿಬ್ಬ ಏರಿದರೆ ಎಡಕ್ಕೆ ದ್ರಾಕ್ಷಿ ಪಡ,
ಬಲಕ್ಕೆ ದ್ರಾಕ್ಷಿ ಪಡ, ನಡುವೆ ನನ್ನ ಏದುಸಿರು.
ಗೊಂಚಲು ಕತ್ತರಿಸುತ್ತ ಹೆಂಗಸರು ಗಂಡಂದಿರನ್ನು ಆಡಿಕೊಳ್ಳುತ್ತಿದ್ದರು;
ಮುಖ ಕಾಣಲಿಲ್ಲ, ನಗೆ ಎಲೆ ದಾಟಿ ಬಂತು.
ಒಣಗಿಸುವ ಶೆಡ್ಡಿನ ಹಸಿರು ಬಲೆ
ಗಾಳಿಗೆ ಹೊಟ್ಟೆ ಉಬ್ಬಿಸಿ ಮತ್ತೆ ಒಳಗೆಳೆದುಕೊಂಡಿತು.
ಮೊಣಕಾಲು ಕೇಳಿತು:
ಐವತ್ತೆರಡಕ್ಕೆ ಇದೆಲ್ಲ ಬೇಕಿತ್ತೇನ ತಾಯಿ?
ಉತ್ತರ ಕೊಡಲು ಉಸಿರಿರಲಿಲ್ಲ.

ಇಳಿಜಾರು. ಬ್ರೇಕಿನಿಂದ ಬೆರಳು ತೆಗೆದೆ.
ಆಗಲೇ ಅಡ್ಡ ನಿಂತಳು ಟಿಟವಿ,
ಹಳದಿ ಕಾಲು, ಕೆದರಿದ ರೆಕ್ಕೆ, ಬಾಯಿತುಂಬ ಬೈಗುಳ.
ಗಂಟೆ ಬಾರಿಸಿದೆ.
ಅವಳದು ಇನ್ನೂ ಜೋರು.

ಇಳಿದು ನೋಡಿದರೆ ಕಲ್ಲೇ ಕಲ್ಲು.
ಬಹಳ ಹೊತ್ತಿನ ಮೇಲೆ
ನಾಲ್ಕು ಕಲ್ಲಿಗೆ ಮಾತ್ರ ಚುಕ್ಕೆ ಮೂಡಿದವು,
ಚೂಪು ತುದಿ ಒಳಗಿಟ್ಟು
ತಲೆ ಕೂಡಿಸಿ ಮಲಗಿದ್ದವು.

ಸೈಕಲ್ ಹೆಗಲಿಗೇರಿಸಿ
ಜಾಲಿ ಬದಿಯಿಂದ ಸುತ್ತಿ ನಡೆದೆ.
ಶೆಡ್ಡಿನ ದಸ್ತಗೀರ ಅಂಟುಗೈ ಒರೆಸಿಕೊಳ್ಳುತ್ತ ನಕ್ಕ:
"ನಿಮಗೂ ದಂಡದ ಪಾವತಿ ಹರದಳೇನ್ರಿ, ಬಾಯಾರ?"

ಮುಂದಿನ ಭಾನುವಾರ
ಚಕ್ಕಡಿಯ ಗಾಲಿ, ಕುರಿಗಳ ಗೊರಸು,
ಔಷಧ ಹೊಡೆಯುವ ಟ್ರ್ಯಾಕ್ಟರಿನ ಅಗಲ ಪಟ್ಟಿ
ಎಲ್ಲವೂ ಅಲ್ಲಿಗೆ ಬಂದು
ನನ್ನ ಸಣ್ಣ ಗೆರೆಯ ಪಕ್ಕ ಜಾಲಿ ಕಡೆ ಹೊರಳಿದ್ದವು.
ಹೇಳಿದವರು ಯಾರೂ ಇಲ್ಲ.

ಮರಿಗಳು ಓಡಿಹೋಗಿ ಎರಡು ತಿಂಗಳಾಯಿತು.
ಅಲ್ಲಿ ಈಗ ಬರೀ ಗರಸು.
ಹ್ಯಾಂಡಲ್ ಮಾತ್ರ
ನನ್ನನ್ನು ಕೇಳದೆ ತಿರುಗುತ್ತದೆ.