ಷರಾ

ವಲೆಟ್ಟಾದ ಹಳೇ ದಫ್ತರಿನ ಒಳಅಂಗಳದಲ್ಲಿ
ಒಂದು ಹುಲ್ಲುಹಾಸು. ಯಾವ ಕಾಲದ್ದೋ,
ಒಬ್ಬ ದೊರೆಸಾನಿ ತನ್ನೂರಿನ ಮಂಜು ನೆನೆದು
ಹಾಸಿಸಿದ್ದಂತೆ.
ದಿನಕ್ಕೆ ನಾಲ್ಕು ಸಾವಿರ ಲೀಟರು ಅದರ ದಾಹ.
ಈ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ.
ಕಡಲಿನ ಕತ್ತು ಹಿಸುಕಿ, ಕರೆಂಟು ಸುಟ್ಟು
ಉಪ್ಪು ಬಿಡಿಸಿದ ನೀರನ್ನು
ಹುಲ್ಲಿಗೆ ಕುಡಿಸುವ ಸೇವೆ
ಯಾಕೆಂದು ಯಾರೂ ಕೇಳದೆ ನಡೆದುಬಂದಿತ್ತು,
ರುಜುವಿನ ಕೆಳಗೆ ರುಜು ಬೀಳುವ ಹಾಗೆ.

ನನ್ನನ್ನು ಕಳಿಸಿದ್ದು ಲೆಕ್ಕ ಬರೆಯಲು.
ಕಟ್ಟಡದ ಉಸಿರೆಷ್ಟು, ಉರಿಯೆಷ್ಟು, ನೀರೆಷ್ಟು;
ಪ್ರತಿ ಸಾಲಿನ ಕೊನೆಗೆ
ಷರಾ ಎಂಬ ಒಂದು ಇಕ್ಕಟ್ಟಿನ ಕಾಲಂ.
ಫೆಲಿಚಿತಾ ಪ್ಸಾಯ್ಲಾ, ಮೂವತ್ತೆಂಟು,
ಹೆಲ್ಮೆಟ್ಟು, ಟೇಪು, ತೀರ ಸಣ್ಣ ಅಕ್ಷರ.

ಮಾಲಿ ವಿಸ್ತಿನ್ ಪೈಪು ಸುತ್ತುತ್ತ ಹೇಳಿದ:
"ಇದರ ಕೆಳಗೆ ಬಾವಿಯಿದೆ ಮಗಳೇ.
ನಮ್ಮಜ್ಜನೇ ಕಲ್ಲು ಸುರಿದು ಮುಚ್ಚಿದ್ದು,
ಸೊಳ್ಳೆಯಾಗುತ್ತದೆಂದು ಮೇಲಿನ ಆರ್ಡರು."
ನಕ್ಷೆಯಲ್ಲಿಲ್ಲ, ಎಂದೆ.
"ನಕ್ಷೆಗೆ ಬಾಯಾರುವುದಿಲ್ಲವಲ್ಲ" ಎಂದ.

ಅಗೆದೆವು. ಮೂರನೆಯ ವಾರ ಸಲಿಕೆ ಟಣ್ಣೆಂದಿತು.
ಕಿರಿದು ಕುತ್ತಿಗೆ, ಹಿರಿದು ಹೊಟ್ಟೆ,
ಬಂಡೆಯಲ್ಲೇ ಕೊರೆದ ಕೊಡ.
ಹನ್ನೊಂದು ಲಾರಿ ಕಲ್ಲುಪುಡಿ ಎತ್ತಿಸಿ
ಹಗ್ಗ ಕಟ್ಟಿಕೊಂಡು ಇಳಿದೆ.
ತಳದಲ್ಲಿ ಒಂಟಿ ಬೂಟು, ಹಿಡಿಯಿಲ್ಲದ ಬಕೆಟ್ಟು,
ಯುದ್ಧಕಾಲದ ಕಪ್ಪು ಟೆಲಿಫೋನು.
ಕಿವಿಗಿಟ್ಟುಕೊಂಡೆ, ಯಾರಿಗೂ ಹೇಳಬೇಡಿ.
ಗೋಡೆ ತುಂಬ ಉಳಿಯ ಗೆರೆಗಳು.
ಸರಪಳಿ ತೊಟ್ಟ ಕೈಗಳೋ, ಕೂಲಿಯ ಕೈಗಳೋ
ಯಾವ ಕಡತದಲ್ಲೂ ಇಲ್ಲ.
ಒಬ್ಬ ಎಡಚನಿದ್ದ. ಅಷ್ಟು ಗೊತ್ತಾಯಿತು:
ಅವನ ಗೆರೆ ಮಾತ್ರ ಆಚೆಗೆ ವಾಲಿತ್ತು.

ಬಾವಿ ಸಿಕ್ಕರಾಯಿತೆ? ಮಾಳಿಗೆ ಹತ್ತಿದೆ.
ಮಳೆ ಹಿಡಿಯಲೆಂದೇ ಓರೆಯಿಟ್ಟ ಸುಣ್ಣಗಲ್ಲಿನ ಮೇಲೆ
ಮೂರು ಪದರ ಡಾಂಬರು,
ಮೂವತ್ತೆರಡು ಏಸಿಗಳ ಬಿಸಿ ಬೈಗುಳ,
ಪಾರಿವಾಳದ ಹಿಕ್ಕೆ, ಯಾವನೋ ಗುಮಾಸ್ತನ
ಗುಟ್ಟಿನ ಕುರ್ಚಿ.
ಏಸಿ ಕೀಳಿಸಿ, ಎಂದೆ. ಮರದ ಕಿಟಕಿಗಳು ರಿಪೇರಿಯಾಗಲಿ,
ಮೂರಡಿ ದಪ್ಪದ ಗೋಡೆ ತನ್ನ ಕೆಲಸ ತಾನು ಮಾಡಲಿ.
ನಿರ್ದೇಶಕ ಕುಸ್ಕಿಯೇರಿ ಆಗಲೇ ಬೆವರೊರೆಸಿಕೊಂಡ:
"ಆಗಸ್ಟಿನಲ್ಲಿ ನೀನು ಬಂದು ಕೂರುತ್ತೀಯಾ?"
ಕೂತೆ. ಇಡೀ ಆಗಸ್ಟು
ಅವನ ಎದುರಿನ ಮೇಜಿನಲ್ಲಿ ಕೂತೆ.
ಸೆಕೆಯಿತ್ತು. ಸುಳ್ಳು ಹೇಳಲಾರೆ.
ನಾಲ್ಕನೆಯ ವಾರ ಅವನು ಟೈ ಬಿಚ್ಚಿದ;
ಆ ಇಲಾಖೆಯಲ್ಲಿ ಅದೂ ಒಂದು ಸುಧಾರಣೆ.

ಹುಲ್ಲು ಕಿತ್ತ ದಿನ ವಿಸ್ತಿನ್ ರಜೆ ಹಾಕಿದ.
ಮರುದಿನ ಬಂದು, ಮಾತಿಲ್ಲದೆ,
ಥೈಮಿನ ಸಸಿಗಳನ್ನು ಒಂದೊಂದೇ ಊರಿದ.
ಗೋಡೆಯ ಬಿರುಕಿನಲ್ಲಿ ತಾನೇ ಹುಟ್ಟಿದ ಕೇಪರ್ ಗಿಡವನ್ನು
ಕೀಳಬೇಕೆಂದು ಪಾರಂಪರಿಕ ಸಮಿತಿ,
ಉಳಿಸಬೇಕೆಂದು ಪರಿಸರ ಸಮಿತಿ.
ಎರಡರ ಪತ್ರಗಳೂ ದಪ್ಪವಾಗುತ್ತಿರಲು
ಗಿಡ ಹೂಬಿಟ್ಟಿತು.

ಅಕ್ಟೋಬರಿನ ಒಂದು ಮಧ್ಯಾಹ್ನ, ಬಜೆಟ್ ಸಭೆಯ ನಡುವೆ
ಗೋಡೆಯೊಳಗೆ ಯಾರೋ
ಗಂಟಲು ಸರಿಮಾಡಿಕೊಂಡಂತಾಯಿತು.
ಆಮೇಲೆ ಗುಳುಗುಳು ಗುಳುಗುಳು.
ಇಷ್ಟು ವರ್ಷ ಸತ್ತಿದ್ದ ಮಣ್ಣಿನ ಕೊಳವೆಯಲ್ಲಿ
ನೀರು ಮೂರು ಅಂತಸ್ತು ಇಳಿಯುತ್ತಿತ್ತು.
ಯಾರೂ ಏಳಲಿಲ್ಲ. ಮಾತೂ ಆಡಲಿಲ್ಲ.
ಮಂತ್ರಿಗಳ ಪೆನ್ನು
ಒಂದು ಸೊನ್ನೆಯ ಅರ್ಧದಲ್ಲಿ ನಿಂತಿತ್ತು.

ವರದಿ ಬರೆದೆ. ಉಳಿತಾಯ:
ಇಷ್ಟು ಯೂನಿಟ್ಟು, ಇಷ್ಟು ಘನಮೀಟರು, ಮೊಹರು, ತಾರೀಖು.
ಷರಾ: ಮೊದಲ ಮಳೆಯ ನೀರಿಗೆ
ಇನ್ನೂ ತುಸು ಡಾಂಬರಿನ ವಾಸನೆಯಿದೆ.
ಮಾಲಿ ವಿಸ್ತಿನ್ ಈಗಲೂ ಸಂಜೆ ಆರಕ್ಕೆ
ಒಣಪೈಪು ಹಿಡಿದು ಅಂಗಳದ ಮೂಲೆಯಲ್ಲಿ
ಹದಿನೈದು ನಿಮಿಷ ನಿಲ್ಲುತ್ತಾನೆ.
ಅದು ಯಾವ ಕಾಲಮಿಗೆ ಸೇರುತ್ತದೋ ತಿಳಿಯದೆ
ಇಲ್ಲಿ ಬರೆದಿದ್ದೇನೆ.